ಸಾಲ ತೀರಿಸಲು ಹೆಚ್ಚುವರಿ ಗಳಿಕೆ: ಫಾರ್ವರ್ಡ್ ಸಂದೇಶಗಳು ಹೇಳದ ಲೆಕ್ಕ

"ಮನೆಯಲ್ಲೇ ಕುಳಿತು ದಿನಕ್ಕೆ 3,000 ರೂಪಾಯಿ ಗಳಿಸಿ. ಮೊಬೈಲ್ ಒಂದಿದ್ದರೆ ಸಾಕು. ಆರು ತಿಂಗಳಲ್ಲಿ ಸಾಲಮುಕ್ತರಾಗಿ. ಕೆಲವೇ ಸೀಟು ಬಾಕಿ."

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಕೆಲಸದ ಹೆಸರು ಮಾತ್ರ ಬೇರೆ ಬೇರೆ: ಪೆನ್ಸಿಲ್ ಪ್ಯಾಕಿಂಗ್, ಡೇಟಾ ಎಂಟ್ರಿ, ವಿಡಿಯೊಗೆ ಲೈಕ್ ಒತ್ತುವುದು, ಹೋಟೆಲ್‌ಗಳಿಗೆ ರೇಟಿಂಗ್ ಕೊಡುವುದು. ಕಳಿಸಿದವರು ಹಲವು ಬಾರಿ ನಮ್ಮ ನೆಂಟರೋ ಹಳೆಯ ಸ್ನೇಹಿತರೋ ಆಗಿರುತ್ತಾರೆ. ಹಾಗಾಗಿ ಸುಳ್ಳು ಎಂದು ತಕ್ಷಣ ಅನ್ನಿಸುವುದಿಲ್ಲ.

ಹೆಚ್ಚುವರಿ ದುಡಿಮೆಯಿಂದ ಸಾಲ ತೀರುತ್ತದೆಯೇ? ತೀರುತ್ತದೆ. ಆದರೆ ಎಷ್ಟು ಗಳಿಸುತ್ತೀರಿ ಎಂಬುದರಷ್ಟೇ, ಸಾಲದ ಬಡ್ಡಿ ಎಷ್ಟು ಮತ್ತು ಗಳಿಸಿದ ಹಣ ಯಾವ ಸಾಲಕ್ಕೆ ಹೋಗುತ್ತದೆ ಎಂಬುದೂ ಮುಖ್ಯ. ಈ ಲೆಕ್ಕ ಯಾವ ಫಾರ್ವರ್ಡ್‌ನಲ್ಲೂ ಇರುವುದಿಲ್ಲ.

ಸಾಲದಲ್ಲಿರುವವರನ್ನೇ ಇದು ಏಕೆ ಸೆಳೆಯುತ್ತದೆ?

ಮೋಸ ಹೋದವರನ್ನು "ದುರಾಸೆ" ಎಂದು ಬೈಯುವುದು ಸುಲಭ. ಸಂಶೋಧನೆ ಬೇರೆ ಮಾತು ಹೇಳುತ್ತದೆ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ನಂತರ ಒಮ್ಮೆ ಪರೀಕ್ಷಿಸಿತು. ಕೈ ಖಾಲಿ ಇದ್ದಾಗ ಗಮನ ಮತ್ತು ತರ್ಕದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಅದೇ ರೈತರು, ಹಣ ಬಂದ ಮೇಲೆ ಚೆನ್ನಾಗಿ ಉತ್ತರಿಸಿದರು. ಬುದ್ಧಿ ಬದಲಾಗಿರಲಿಲ್ಲ, ತಲೆಯ ಮೇಲಿನ ಚಿಂತೆಯ ಹೊರೆ ಬದಲಾಗಿತ್ತು ಎಂಬುದು ಸಂಶೋಧಕರ ವಿವರಣೆ. ಈ ಪರಿಣಾಮ ಎಷ್ಟು ದೊಡ್ಡದು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ಇನ್ನೂ ಇದೆ. ಆದರೂ ಕಂತಿನ ದಿನ ಹತ್ತಿರ ಬಂದಾಗ ಮನಸ್ಸು ಅದೊಂದರ ಸುತ್ತಲೇ ಸುತ್ತುವುದು ಸಾಲ ಮಾಡಿದ ಯಾರಿಗೂ ಹೊಸದಲ್ಲ.

ಫಾರ್ವರ್ಡ್‌ನ ಭಾಷೆ ಬಳಸಿಕೊಳ್ಳುವುದು ಈ ಸ್ಥಿತಿಯನ್ನೇ. "ಇಂದೇ ಕೊನೆಯ ದಿನ" ಎಂಬ ಅವಸರ, "ವಿದ್ಯಾರ್ಹತೆ ಬೇಡ" ಎಂಬ ಸಮಾಧಾನ, "ನಾನೂ ನಿಮ್ಮಂತೆಯೇ ಸಾಲದಲ್ಲಿದ್ದೆ" ಎಂಬ ಆಪ್ತತೆ. ಯೋಚಿಸಲು ಸಮಯ ಸಿಗಬಾರದು ಎಂಬುದೇ ಮೂರರ ಉದ್ದೇಶ.

'ಟಾಸ್ಕ್' ಕೆಲಸ ನಡೆಯುವ ಬಗೆ

ಮೊದಲ ದಿನ ಕೆಲವು ವಿಡಿಯೊಗಳಿಗೆ ಲೈಕ್ ಒತ್ತಲು ಹೇಳುತ್ತಾರೆ. 150 ರೂಪಾಯಿಯಷ್ಟು ಹಣ ನಿಮ್ಮ ಖಾತೆಗೆ ನಿಜಕ್ಕೂ ಬರುತ್ತದೆ. ನಂಬಿಕೆ ಹುಟ್ಟಿದ ಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ದೊಡ್ಡ ಮೊತ್ತ ಬಂತೆಂದು ಸ್ಕ್ರೀನ್‌ಶಾಟ್ ಹಾಕುವವರು ಹೆಚ್ಚಿನಂಶ ಅವರದೇ ಜನ. ನಂತರ "ಪ್ರೀಪೇಯ್ಡ್ ಟಾಸ್ಕ್" ಶುರು: 1,000 ಕಟ್ಟಿದರೆ 1,300, 10,000 ಕಟ್ಟಿದರೆ 14,000 ಎಂಬ ಆಸೆ. ಆ್ಯಪ್‌ನಲ್ಲಿ ನಿಮ್ಮ 'ಬ್ಯಾಲೆನ್ಸ್' ಏರುತ್ತಲೇ ಇರುತ್ತದೆ. ಹಣ ತೆಗೆಯಲು ಹೋದರೆ "ಮೊದಲು ತೆರಿಗೆ ಕಟ್ಟಿ" ಅನ್ನುತ್ತಾರೆ. ಕಟ್ಟಿದ್ದನ್ನು ವಾಪಸ್ ಪಡೆಯಲೆಂದು ಮತ್ತೆ ಕಟ್ಟುತ್ತಾರೆ, ಅದಕ್ಕಾಗಿ ಹೊಸ ಸಾಲವನ್ನೂ ಮಾಡುತ್ತಾರೆ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಂಥ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ನಿರ್ಬಂಧಿಸಿತು. ಇವನ್ನು ವಿದೇಶಗಳಿಂದ ನಡೆಸಲಾಗುತ್ತಿದೆ, ನಿವೃತ್ತರು, ಮಹಿಳೆಯರು ಮತ್ತು ಅರೆಕಾಲಿಕ ಕೆಲಸ ಹುಡುಕುವ ನಿರುದ್ಯೋಗಿ ಯುವಜನರೇ ಗುರಿ ಎಂದು ಅದು ತಿಳಿಸಿತ್ತು.

ಇನ್ನೊಂದು ಬಗೆ ಇನ್ನೂ ಅಪಾಯಕಾರಿ. "ನಿಮ್ಮ ಬ್ಯಾಂಕ್ ಖಾತೆಯನ್ನು ನಮಗೆ ಬಳಸಲು ಕೊಡಿ, ಕಮಿಷನ್ ಕೊಡುತ್ತೇವೆ" ಎನ್ನುತ್ತಾರೆ. ಆ ಖಾತೆಯಲ್ಲಿ ಹರಿಯುವುದು ಬೇರೆಯವರಿಂದ ದೋಚಿದ ಹಣ. ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ನೆನಪಿಡಲು ಸುಲಭವಾದ ನಿಯಮ ಒಂದಿದೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ನೋಂದಣಿ ಶುಲ್ಕ, ಠೇವಣಿ ಅಥವಾ ತೆರಿಗೆ ಕೇಳುವುದಿಲ್ಲ. ಕೆಲಸಕ್ಕೆ ಮೊದಲು ನೀವೇ ದುಡ್ಡು ಕೊಡಬೇಕೆಂದರೆ ಅಲ್ಲಿಗೇ ನಿಲ್ಲಿಸಿ.

ಮೊದಲು ನೋಡಬೇಕಾದ್ದು ಬಡ್ಡಿ

ನಮ್ಮಲ್ಲಿ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲಿ ಹೇಳುವ ರೂಢಿ ಇದೆ. "ನೂರಕ್ಕೆ ಎರಡು ರೂಪಾಯಿ" ಎಂದರೆ ವರ್ಷಕ್ಕೆ ಶೇ 24. "ನೂರಕ್ಕೆ ಐದು" ಎಂದರೆ ಶೇ 60. ಕೈಗೆ 9,000 ಕೊಟ್ಟು, ದಿನಕ್ಕೆ 100ರಂತೆ ನೂರು ದಿನ ವಸೂಲಿ ಮಾಡುವ ಸಾಲ "ಬರೀ ಸಾವಿರ ರೂಪಾಯಿ ಬಡ್ಡಿ" ಎಂದು ಕೇಳಿಸುತ್ತದೆ. ಆದರೆ ಅಸಲು ದಿನವೂ ಕರಗುತ್ತಿರುತ್ತದೆ. ಅದನ್ನು ಲೆಕ್ಕ ಹಾಕಿದರೆ ವಾರ್ಷಿಕ ದರ ಶೇ 75 ದಾಟುತ್ತದೆ. ಕ್ರೆಡಿಟ್ ಕಾರ್ಡ್‌ನಲ್ಲಿ ಬಾಕಿ ಉಳಿಸಿಕೊಂಡರೆ ಸಾಮಾನ್ಯವಾಗಿ ತಿಂಗಳಿಗೆ ಶೇ 3ರಿಂದ 3.75, ಅಂದರೆ ವರ್ಷಕ್ಕೆ ಶೇ 36ರಿಂದ 45. ಕಾರ್ಡ್ ಬಡ್ಡಿ ಶೇ 30 ಮೀರಬಾರದು ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. "ಕಾರ್ಡ್ ಬಡ್ಡಿಗೆ ಶೇ 30ರ ಮಿತಿ ಇದೆ" ಎಂಬ ಹಳೆಯ ಫಾರ್ವರ್ಡ್ ಈಗ ನಿಜವಲ್ಲ.

ಒಂದು ಉದಾಹರಣೆ ನೋಡೋಣ. ಕಾರ್ಡ್ ಬಾಕಿ 1 ಲಕ್ಷ, ಬಡ್ಡಿ ತಿಂಗಳಿಗೆ ಶೇ 3.5, ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ. ಹೊಸ ಖರೀದಿ ಇಲ್ಲ, ತಡ ಶುಲ್ಕವೂ ಇಲ್ಲ ಎಂದುಕೊಳ್ಳಿ. ಮೊದಲ ತಿಂಗಳು ಬಡ್ಡಿ ಮತ್ತು ತೆರಿಗೆಯೇ 4,130 ರೂಪಾಯಿ. ನೀವು 5,000 ಕಟ್ಟಿದರೆ ಅಸಲು ಕರಗುವುದು 870 ಮಾತ್ರ.

- ಹೀಗೆ ತಿಂಗಳಿಗೆ 5,000 ಕಟ್ಟುತ್ತಾ ಹೋದರೆ: ತೀರಲು ಸುಮಾರು 44 ತಿಂಗಳು, ಒಟ್ಟು ಕಟ್ಟುವುದು ಸುಮಾರು 2.16 ಲಕ್ಷ.
- 3,000 ಹೆಚ್ಚು ಗಳಿಸಿ ತಿಂಗಳಿಗೆ 8,000 ಕಟ್ಟಿದರೆ: 18 ತಿಂಗಳು, ಒಟ್ಟು ಸುಮಾರು 1.44 ಲಕ್ಷ.
- ಹೆಚ್ಚುವರಿ ಗಳಿಕೆಯೇ ಇಲ್ಲ, ಆದರೆ ಬಾಕಿಯನ್ನು ವರ್ಷಕ್ಕೆ ಶೇ 15ರ ಸಾಲಕ್ಕೆ ಬದಲಾಯಿಸಿ ಅದೇ 5,000 ಕಟ್ಟಿದರೆ: 24 ತಿಂಗಳು, ಒಟ್ಟು ಸುಮಾರು 1.16 ಲಕ್ಷ.
- ಎರಡನ್ನೂ ಮಾಡಿದರೆ: 14 ತಿಂಗಳು, ಒಟ್ಟು ಸುಮಾರು 1.09 ಲಕ್ಷ.

ಮೊದಲ ಮತ್ತು ಮೂರನೆಯ ಸಾಲನ್ನು ಹೋಲಿಸಿ ನೋಡಿ. ಒಂದು ರೂಪಾಯಿ ಹೆಚ್ಚು ಗಳಿಸದೆ, ಬಡ್ಡಿ ಇಳಿಸಿದ್ದರಿಂದಲೇ ಸುಮಾರು ಒಂದು ಲಕ್ಷ ಉಳಿಯಿತು. ಆದ್ದರಿಂದ ರಾತ್ರಿ ಪಾಳಿಯ ಕೆಲಸ ಹುಡುಕುವ ಮೊದಲು ಬ್ಯಾಂಕಿಗೋ ಸಹಕಾರ ಸಂಘಕ್ಕೋ ಹೋಗಿ ಕಡಿಮೆ ಬಡ್ಡಿಯ ಸಾಲ ಸಿಗುತ್ತದೆಯೇ ಎಂದು ಕೇಳುವುದು ಒಳ್ಳೆಯದು. ಒಡವೆ ಅಡವಿಟ್ಟು ಮೀಟರ್ ಬಡ್ಡಿ ಸಾಲ ತೀರಿಸುವುದೂ ಇದೇ ಲೆಕ್ಕ. ಆದರೆ ಕಂತು ತಪ್ಪಿದರೆ ಒಡವೆ ಹರಾಜಾಗುತ್ತದೆ ಎಂಬುದು ನೆನಪಿರಲಿ. ಹೊಸ ಸಾಲಕ್ಕೆ ಪ್ರೊಸೆಸಿಂಗ್ ಶುಲ್ಕ ಎಷ್ಟು, ಹಳೆಯ ಸಾಲವನ್ನು ಅವಧಿಗೆ ಮೊದಲೇ ಮುಗಿಸಿದರೆ ದಂಡ ಇದೆಯೇ ಎಂದು ಕೇಳಿ. ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರವನ್ನು ಸಾಲದ ಮುಖ್ಯಾಂಶ ಪತ್ರದಲ್ಲಿ ಬರೆದುಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2024ರ ಅಕ್ಟೋಬರ್‌ನಿಂದ ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳ ಚಿಲ್ಲರೆ ಸಾಲಗಳಿಗೆಲ್ಲ ಇದು ಅನ್ವಯಿಸುತ್ತದೆ.

ಗಳಿಕೆಯಲ್ಲಿ ಕೈಗೆ ಉಳಿಯುವುದೆಷ್ಟು?

ಇನ್ನು ನಿಜವಾದ ಹೆಚ್ಚುವರಿ ದುಡಿಮೆ. ವಾರಾಂತ್ಯದಲ್ಲಿ ಬೈಕ್‌ನಲ್ಲಿ ಡೆಲಿವರಿ ಮಾಡಿ ತಿಂಗಳಿಗೆ 6,000 ರೂಪಾಯಿ ಬಂತು ಎಂದುಕೊಳ್ಳಿ. 900 ಕಿ.ಮೀ. ಓಡಿದರೆ, ಲೀಟರಿಗೆ 45 ಕಿ.ಮೀ. ಮೈಲೇಜ್ ಹಿಡಿದರೂ 20 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 103 ರೂಪಾಯಿಯಂತೆ 2,060 ಹೋಯಿತು. ಆಯಿಲ್, ಟೈರ್, ಸರ್ವಿಸ್‌ಗೆ 700, ಹೊರಗಿನ ಊಟ–ಚಹಾಕ್ಕೆ 300 ತೆಗೆದರೆ ಉಳಿಯುವುದು 2,940. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವಾಹನವನ್ನು ದುಡಿಮೆಗೆ ಓಡಿಸುವಾಗ ಅಪಘಾತವಾದರೆ ವಿಮೆ ಹಣಕ್ಕೆ ತಕರಾರು ಬರಬಹುದು. ಪಾಲಿಸಿಯನ್ನು ಮೊದಲೇ ಓದಿಕೊಳ್ಳಿ.

ಹೊಸ ಬಂಡವಾಳ ಬೇಡದ, ಈಗಾಗಲೇ ಗೊತ್ತಿರುವ ಕೆಲಸಗಳಲ್ಲಿ ಹೆಚ್ಚು ಉಳಿಯುತ್ತದೆ: ಮಕ್ಕಳಿಗೆ ಮನೆಪಾಠ, ಸೀರೆಗೆ ಕುಚ್ಚು ಮತ್ತು ಫಾಲ್ ಹಾಕುವುದು, ಹಬ್ಬ–ಮದುವೆಗೆ ಹೋಳಿಗೆ ಅಥವಾ ರೊಟ್ಟಿ ಆರ್ಡರ್, ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು. ಆಹಾರ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. "ಮೊದಲು 40,000ದ ಯಂತ್ರ ಕೊಳ್ಳಿ, ತಯಾರಿಸಿದ ಮಾಲನ್ನು ನಾವೇ ಕೊಳ್ಳುತ್ತೇವೆ" ಎನ್ನುವವರಿಂದ ದೂರ ಇರಿ. ಸಾಲ ತೀರಿಸಲು ಹೊಸ ಸಾಲ ಮಾಡಿ ಯಂತ್ರ ತಂದು, ಮಾಲು ಕೊಳ್ಳುವವರೇ ನಾಪತ್ತೆಯಾದರೆ ಗತಿ ಏನು?

ಈಗಾಗಲೇ ನೌಕರಿಯಲ್ಲಿದ್ದರೆ ನೇಮಕಾತಿ ಪತ್ರ ತೆಗೆದು ನೋಡಿ. ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದರೆಂದು 300 ಉದ್ಯೋಗಿಗಳನ್ನು ತೆಗೆದುಹಾಕಿದ್ದಾಗಿ ಬೆಂಗಳೂರಿನ ವಿಪ್ರೊ 2022ರಲ್ಲಿ ಹೇಳಿತ್ತು. ಸರ್ಕಾರಿ ನೌಕರರು ಅನುಮತಿ ಇಲ್ಲದೆ ಬೇರೆ ವ್ಯಾಪಾರ, ಉದ್ಯೋಗ ಮಾಡುವಂತಿಲ್ಲ. ಮೂರು ಸಾವಿರದ ಆಸೆಗೆ ಮೂವತ್ತು ಸಾವಿರದ ಕೆಲಸ ಕಳೆದುಕೊಳ್ಳುವಂತಾಗಬಾರದು.

ಬಂದ ಹಣ ಯಾವ ಸಾಲಕ್ಕೆ ಮೊದಲು?

ಅಂಕಗಣಿತದ ಉತ್ತರ: ಅತಿ ಹೆಚ್ಚು ಬಡ್ಡಿಯದ್ದಕ್ಕೆ. ಉಳಿದವಕ್ಕೆ ಕಂತು ತಪ್ಪದಂತೆ ನೋಡಿಕೊಂಡು, ಹೆಚ್ಚುವರಿ ಹಣವೆಲ್ಲ ಅದಕ್ಕೇ. ಶೇ 40ರ ಸಾಲ ಇಟ್ಟುಕೊಂಡು ಶೇ 7ರ ಆರ್‌ಡಿ ಕಟ್ಟುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ. ಆಸ್ಪತ್ರೆಯಂಥ ತುರ್ತಿಗೆ ಒಂದಿಷ್ಟು ಕೈಯಲ್ಲಿರಲಿ, ಇಲ್ಲದಿದ್ದರೆ ಮತ್ತೆ ಸಾಲವೇ ಗತಿಯಾಗುತ್ತದೆ.

ಆದರೆ ಮನಸ್ಸಿನ ಲೆಕ್ಕ ಸ್ವಲ್ಪ ಬೇರೆ. ಸಿಂಗಪುರದಲ್ಲಿ ಸೇವಾ ಸಂಸ್ಥೆಯೊಂದು ಬಡ ಕುಟುಂಬಗಳ ಹಳೆಯ ಬಾಕಿಗಳನ್ನು ತೀರಿಸಿಕೊಟ್ಟಿತು. ಆ ನೆರವು ಪಡೆದ 196 ಜನರ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತೀರಿದ ಮೊತ್ತ ಒಂದೇ ಇದ್ದರೂ, ಹೆಚ್ಚು ಸಾಲಖಾತೆಗಳು ಪೂರ್ತಿ ಮುಚ್ಚಿದವರಲ್ಲಿ ಆತಂಕ ಹೆಚ್ಚು ಇಳಿದಿತ್ತು, ಯೋಚನೆ ಹೆಚ್ಚು ಚುರುಕಾಗಿತ್ತು. ಐದು ಕಡೆಯ ಸಾಲ ಎಂದರೆ ಐದು ಕಡೆಯ ಫೋನ್ ಕರೆ, ಐದು ದಿನಾಂಕಗಳ ಚಿಂತೆ. ಆದ್ದರಿಂದ ಒಂದೆರಡು ತಿಂಗಳಲ್ಲಿ ಮುಗಿಸಬಹುದಾದ ಸಣ್ಣ ಬಾಕಿ ಇದ್ದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಹೆಚ್ಚು ಬಡ್ಡಿಯದ್ದಕ್ಕೆ ಕೈ ಹಾಕುವುದು ತಪ್ಪಲ್ಲ.

ಒತ್ತಡ ಮಿತಿ ಮೀರಿದರೆ

ವಸೂಲಿಯವರ ಕಾಟಕ್ಕೆ ಹೆದರಿಯೇ ಎಷ್ಟೋ ಜನ ಇಂಥ ಬಲೆಗೆ ಬೀಳುತ್ತಾರೆ. ಆದ್ದರಿಂದ ಇವು ಗೊತ್ತಿರಲಿ. ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಸಾಲದ ಆ್ಯಪ್‌ಗಳು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಫೋಟೊಗಳಿಗೆ ಕೈ ಹಾಕುವಂತಿಲ್ಲ. ದೂರು ಕೊಟ್ಟರೂ ಸಂಸ್ಥೆ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಕಿರು ಮತ್ತು ಸಣ್ಣ ಸಾಲದ ವಸೂಲಿಯಲ್ಲಿ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾನೂನು ತಂದಿದೆ. ಅದರಡಿ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಮನೆ ಮುಂದೆ ಬಂದು ಬೆದರಿಸಿದರೆ ಪೊಲೀಸ್ ಠಾಣೆಗೆ ಹೋಗಿ.

ಟಾಸ್ಕ್ ಮೋಸದಲ್ಲಿ ಈಗಾಗಲೇ ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಮುಂದಿನ ಖಾತೆಗಳಲ್ಲಿ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಕಳಿಸಿದವರೆಲ್ಲ ಮೋಸಗಾರರಲ್ಲ. "ಐದು ಜನರನ್ನು ಸೇರಿಸಿದರೆ ನಿಮ್ಮ ಹಣ ಬಿಡುಗಡೆ" ಎಂಬ ಷರತ್ತಿಗೆ ಸಿಕ್ಕು, ಸ್ವಂತ ದುಡ್ಡು ವಾಪಸ್ ಬರಲೆಂದು ಕಳಿಸುವವರೂ ಇದ್ದಾರೆ. ಹಾಗಾಗಿ ಡಿಲೀಟ್ ಮಾಡಿ ಸುಮ್ಮನಾಗುವ ಬದಲು ಅವರಿಗೊಂದು ಫೋನ್ ಮಾಡಿ. "ಇದಕ್ಕೆ ನೀವೇನಾದರೂ ದುಡ್ಡು ಕಟ್ಟಿದ್ದೀರಾ?" ಎಂದು ಮೆಲ್ಲಗೆ ಕೇಳಿ. ಹೌದು ಎಂದರೆ, ಫೋನ್ ಇಡುವ ಮೊದಲು 1930 ಸಂಖ್ಯೆಯನ್ನು ಬರೆದುಕೊಳ್ಳಲು ಹೇಳಿ.