ತಕ್ಕೋಲದ ಕಾಳಗ: ದೈವ ನಿಂತದ್ದು ಯಾರ ಪಕ್ಷದಲ್ಲಿ?

ಮಧ್ಯಕಾಲೀನ ಯುದ್ಧಗಳನ್ನು ಕುರಿತ ನಮ್ಮ ಬರಹಗಳಲ್ಲಿ ಎರಡು ಬಗೆಯ ಓದುಗಳು ರೂಢಿಯಾಗಿವೆ. ಶಾಸನ, ಕಾವ್ಯಗಳಲ್ಲಿ ಬರುವ ದೈವದ ಪ್ರಸ್ತಾಪವನ್ನು ಕವಿಸಮಯವೆಂದು ಬದಿಗಿಟ್ಟು, ಅರಸ, ವರ್ಷ, ಸ್ಥಳಗಳನ್ನಷ್ಟೇ ಹೆಕ್ಕಿಕೊಳ್ಳುವುದು ಮೊದಲನೆಯದು. ಆ ಪ್ರಸ್ತಾಪವನ್ನೇ ಕಾರಣವೆಂದು ನಂಬಿ, ಪ್ರತಿ ಕಾಳಗವನ್ನೂ ಮತಗಳ ಸಂಘರ್ಷವಾಗಿಯೋ ದೈವಸಂಕಲ್ಪದ ಫಲವಾಗಿಯೋ ನಿರೂಪಿಸುವುದು ಎರಡನೆಯದು. ೧೫೬೫ರ ರಕ್ಕಸತಂಗಡಿ ಕಾಳಗವನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಈ ಎರಡನೆಯ ಓದು ಧಾರಾಳವಾಗಿ ಕಾಣುತ್ತದೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧವೆನಿಸಿದರೂ ಇವುಗಳ ದೋಷ ಒಂದೇ. ಎರಡೂ ದೈವವನ್ನು ಗೆಲುವಿನ ಕಾರಣವೆಂಬ ಒಂದೇ ಸ್ಥಾನದಲ್ಲಿ ಹುಡುಕುತ್ತವೆ. ಒಂದು ಇಲ್ಲವೆನ್ನುತ್ತದೆ, ಇನ್ನೊಂದು ಇದೆಯೆನ್ನುತ್ತದೆ. ನಮ್ಮ ಆಕರಗಳು ದೈವವನ್ನು ಬೇರೊಂದು ಸ್ಥಾನದಲ್ಲಿ ಇರಿಸಿವೆಯೆಂಬುದನ್ನು ತಕ್ಕೋಲದ ಕಾಳಗದ ಮೂಲಕ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

ಕ್ರಿ.ಶ. ೯೪೯ರಲ್ಲಿ ಇಂದಿನ ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಸೇನೆಗೂ ಚೋಳ ಪರಾಂತಕನ ಮಗ ರಾಜಾದಿತ್ಯನ ಸೇನೆಗೂ ಯುದ್ಧವಾಯಿತು. ರಾಜಾದಿತ್ಯ ಆನೆಯ ಮೇಲೆಯೇ ಮಡಿದ. ಕೃಷ್ಣನ ಪಕ್ಷದಲ್ಲಿ ಹೋರಾಡಿದವನು ಗಂಗ ಇಮ್ಮಡಿ ಬೂತುಗ. ತೊಂಡೈಮಂಡಲ ಹಲವು ವರ್ಷ ರಾಷ್ಟ್ರಕೂಟರ ವಶದಲ್ಲಿ ಉಳಿಯಿತು. ಇದನ್ನು ಮತಯುದ್ಧವೆನ್ನಲು ಯಾವ ಆಧಾರವೂ ಇಲ್ಲ. ಚೋಳರು ಶೈವರು; ಕೃಷ್ಣನು ಜೈನಕವಿ ಪೊನ್ನನಿಗೆ ಆಶ್ರಯ ನೀಡಿದಂತೆಯೇ, ೯೫೯ರಲ್ಲಿ ಮೇಲ್ಪಾಡಿಯ ಬೀಡಿನಿಂದ ಗಗನಶಿವನೆಂಬ ಶೈವ ಯತಿಗೆ ದತ್ತಿ ಕೊಟ್ಟುದನ್ನು ಕರ್ಹಾಡ ತಾಮ್ರಪಟ ಹೇಳುತ್ತದೆ. ಹಾಗಿದ್ದಲ್ಲಿ ಶಿವನು ಯಾರ ಪಕ್ಷದಲ್ಲಿದ್ದ ಎಂಬ ಪ್ರಶ್ನೆಯೇ ಅರ್ಥ ಕಳೆದುಕೊಳ್ಳುತ್ತದೆ.

ಗೆದ್ದವರ ಸಾಕ್ಷ್ಯ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಬೂತುಗನು ಅಂಬಾರಿಯನ್ನೇ ರಣಕಣವಾಗಿಸಿ ರಾಜಾದಿತ್ಯನನ್ನು ಕೊಂದುದನ್ನೂ, ಮೆಚ್ಚಿದ ಕೃಷ್ಣನು ಅವನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುಲಿಗೆರೆ ೩೦೦ ಮೊದಲಾದ ನಾಡುಗಳನ್ನು ಕೊಟ್ಟುದನ್ನೂ ಅದು ದಾಖಲಿಸುತ್ತದೆ. ಇದನ್ನು ಸಂಪಾದಿಸಿದ ಫ್ಲೀಟ್ ಅವರು ಮೊದಲು ಬೂತುಗನು ವಂಚನೆಯಿಂದ ಕೊಂದನೆಂದು ಅರ್ಥೈಸಿ, ಮುಂದೆ ತಾವೇ ಅದನ್ನು ತಿದ್ದಿಕೊಂಡರು. ಒಂದೆರಡು ಪದಗಳ ಓದಿನಿಂದ ವೀರನೊಬ್ಬ ವಂಚಕನಾಗಬಲ್ಲನೆಂಬುದು ಶಾಸನ ಬೋಧಿಸುವ ನಮ್ಮೆಲ್ಲರಿಗೂ ಎಚ್ಚರಿಕೆಯ ಮಾತು.

ಆದರೆ ಆ ಕಲ್ಲನ್ನು ನೆಟ್ಟದ್ದು ಬೂತುಗನಿಗಾಗಿಯೂ ಅಲ್ಲ, ಕೃಷ್ಣನಿಗಾಗಿಯೂ ಅಲ್ಲ. ಬೂತುಗನ ಸೇವಕ ಮಣಲೇರನು ಅದೇ ಕಾಳಗದಲ್ಲಿ ಪರಾಕ್ರಮ ತೋರಿ, ಬೇಡಿಕೊಳ್ಳೆಂದ ಒಡೆಯನಿಂದ ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದ. ಆ ನಾಯಿ ದೊಡ್ಡದೊಂದು ಹಂದಿಯೊಡನೆ ಕಾದಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಡಲಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುತ್ತದೆಂಬ ಶಾಪವೂ ಇದೆ. ಯುದ್ಧದ ಗೆಲುವು ಇಲ್ಲಿ ನಾಡುಗಳ ಎಣಿಕೆಯಲ್ಲಿ ಮುಗಿಯುತ್ತದೆ. ನಿತ್ಯಪೂಜೆಯ ಕಟ್ಟಳೆ, ಪಾಪದ ಭಯ ಇವೆಲ್ಲ ಒಂದು ಪ್ರಾಣಿಯ ಸಾವಿನ ಸುತ್ತ ನೆಲೆಗೊಳ್ಳುತ್ತವೆ.

ಸೋತವರ ಸಾಕ್ಷ್ಯವೂ ಇದಕ್ಕೆ ಪೂರಕವಾಗಿದೆ. ಲೈಡನ್ ತಾಮ್ರಪಟಗಳೆಂದೇ ಹೆಸರಾದ ಚೋಳ ಶಾಸನ ನಾಗಪಟ್ಟಣದ ಬೌದ್ಧ ವಿಹಾರಕ್ಕೆ ಸಂದ ದತ್ತಿಯದು. ಅದರ ಪ್ರಕಾರ ರಾಜಾದಿತ್ಯನು ಕೃಷ್ಣರಾಜನ ಬಾಣ ಎದೆಗೆ ನಾಟಿ, ಆನೆಯ ಮೇಲೆಯೇ ಮಡಿದು ಸ್ವರ್ಗ ಸೇರಿದ. ಕೊಂದವನಾರೆಂಬ ವಿಷಯದಲ್ಲಿ ಎರಡು ಶಾಸನಗಳಿಗೆ ಹೊಂದಾಣಿಕೆಯಿಲ್ಲ. ದೈವ ಕೈಬಿಟ್ಟಿತೆಂಬ ವಿವರಣೆಯ ಹಂಗಿಲ್ಲದೆಯೇ ಚೋಳ ಪರಂಪರೆ ಈ ಸೋಲನ್ನು ಅರಗಿಸಿಕೊಂಡಿತು. ‘ಆನೆಯ ಮೇಲೆ ಒರಗಿದ ದೇವರು’ ಎಂಬರ್ಥದ ಹೆಸರೇ ರಾಜಾದಿತ್ಯನಿಗೆ ನಿಂತಿತು. ಸೋತ ರಾಜಕುಮಾರನಿಗೂ ಸ್ವರ್ಗ ಲಭ್ಯವೆಂದಾದರೆ, ಸ್ವರ್ಗ ಗೆಲುವಿನ ಬಹುಮಾನವಲ್ಲವೆಂದೇ ಅರ್ಥ. ನಮ್ಮ ವೀರಗಲ್ಲುಗಳ ಪಟ್ಟಿಕೆಗಳಲ್ಲಿಯೂ ಅಪ್ಸರೆಯರು ಕರೆದೊಯ್ಯುವುದು ಮಡಿದವನನ್ನೇ.

ಮೂರನೆಯ ಸಾಕ್ಷ್ಯ ಎಲ್ಲಕ್ಕಿಂತ ಮಾರ್ಮಿಕವಾದುದು. ಮದರಾಸಿನ ಬಳಿಯ ತಿರುವೊಟ್ರಿಯೂರಿನ ಶಾಸನವೊಂದು ಚತುರಾನನ ಪಂಡಿತನೆಂಬ ಯತಿಯ ಪೂರ್ವಾಶ್ರಮವನ್ನು ಹೇಳುತ್ತದೆ. ಕೇರಳದವನಾದ ಈತ ರಾಜಾದಿತ್ಯನ ಆಪ್ತನಾಗಿದ್ದ. ಒಡೆಯನ ಕೊನೆಯ ಕಾಳಗದಲ್ಲಿ ಜೊತೆಗಿದ್ದು ಸಾಯಲಾಗಲಿಲ್ಲವೆಂಬ ನೋವಿನಿಂದ ವಿರಕ್ತನಾಗಿ, ಗಂಗಾಸ್ನಾನ ಮಾಡಿ, ತಿರುವೊಟ್ರಿಯೂರಿನಲ್ಲಿ ಸಂನ್ಯಾಸ ಸ್ವೀಕರಿಸಿದ. ಚೋಳ ಸೇನಾನಿ ವೆಳ್ಳನ್ ಕುಮಾರನೇ ಈತನೆಂದು ವಿದ್ವಾಂಸರು ಗುರುತಿಸಿದ್ದಾರೆ. ಶಾಸನದ ಕಾಲ ನಮೂದಾಗಿರುವುದು ಮೂರನೆಯ ಕೃಷ್ಣನ ಆಳ್ವಿಕೆಯ ವರ್ಷದಲ್ಲಿ. ತನ್ನ ಒಡೆಯನನ್ನು ಕೊಂದ ಅರಸನ ಹೆಸರಿನಡಿಯಲ್ಲಿಯೇ ಆ ದುಃಖ ಕಲ್ಲಿನ ಮೇಲೆ ನಿಂತಿತು. ತಕ್ಕೋಲದಲ್ಲಿ ಆಧ್ಯಾತ್ಮಿಕ ಸಂಘರ್ಷವೆಂಬುದು ಇದ್ದರೆ ಅದು ಎರಡು ಮತಗಳ ನಡುವೆ ಅಲ್ಲ, ಬದುಕುಳಿದವನೊಬ್ಬನ ಒಳಗೆ ನಡೆದುದು.

ಗೆದ್ದ ಪಕ್ಷವೂ ಈ ತೊಳಲಾಟದಿಂದ ಮುಕ್ತವಾಗಿರಲಿಲ್ಲ. ಸೋಮದೇವಸೂರಿಯ ‘ಯಶಸ್ತಿಲಕ’ ೯೫೯ರಲ್ಲಿ ಮುಗಿಯಿತು. ಚೋಳಾದಿಗಳನ್ನು ಗೆದ್ದ ಕೃಷ್ಣನು ಮೇಲ್ಪಾಡಿಯಲ್ಲಿದ್ದ ಕಾಲವೆಂದು ಅದರ ಕೊನೆಯ ಭಾಗವೇ ಹೇಳುತ್ತದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯೂ ಜನ್ಮಜನ್ಮಾಂತರಗಳಲ್ಲಿ ಬಿಡದೆನ್ನುವ, ಮುಂದೆ ಜನ್ನನಿಂದ ಕನ್ನಡಕ್ಕೆ ಬಂದ ಯಶೋಧರನ ಕಥೆಯೇ ಅದರ ವಸ್ತು. ದಿಗ್ವಿಜಯದ ವರ್ಷ ಅಹಿಂಸೆಯ ಗ್ರಂಥಕ್ಕೆ ಕಾಲಸೂಚಿಯಾಯಿತು. ಬೂತುಗನ ಮಗ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದು, ಕ್ರಿ.ಶ. ೯೭೪ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವ ಸ್ತಂಭದ ಒಂದೇ ಶಾಸನದಲ್ಲಿ ಆ ಗೆಲುವುಗಳೂ ಆ ತ್ಯಾಗವೂ ಒಟ್ಟಿಗೆ ನಿಂತಿವೆ.

ಪ್ರಶಸ್ತಿಗಳಲ್ಲಿ ದೈವಾನುಗ್ರಹದ ಮಾತು ಇಲ್ಲವೇ ಎಂಬ ಆಕ್ಷೇಪ ಬರಬಹುದು. ಖಂಡಿತ ಇದೆ. ಬಾದಾಮಿ ಚಾಲುಕ್ಯರು ತಮ್ಮ ವರಾಹಲಾಂಛನ ನಾರಾಯಣನ ಪ್ರಸಾದವೆಂದೂ, ಅದನ್ನು ಕಂಡೊಡನೆ ಶತ್ರುಗಳು ವಶರಾಗುವರೆಂದೂ ಹೇಳಿಕೊಂಡರು. ಆದರೆ ಅದು ವಂಶದ ಅಧಿಕಾರವನ್ನು ಸ್ಥಾಪಿಸುವ ಸಿದ್ಧವಾಕ್ಯ; ಯಾವ ಕಾಳಗಕ್ಕೂ ಒಪ್ಪುತ್ತದೆ, ಆದ್ದರಿಂದಲೇ ಯಾವ ಕಾಳಗವನ್ನೂ ವಿವರಿಸುವುದಿಲ್ಲ. ನಿರ್ದಿಷ್ಟ ಕಾಳಗ, ನಿರ್ದಿಷ್ಟ ಸಾವು ಎದುರಾದಾಗ ಶಾಸನದ ಧಾರ್ಮಿಕ ಭಾಷೆಯ ಕೆಲಸ ಬದಲಾಗುತ್ತದೆ. ಯಾರು ಏಕೆ ಗೆದ್ದರೆಂಬುದಕ್ಕಿಂತ, ಸತ್ತವರನ್ನು ಎಲ್ಲಿರಿಸಬೇಕು, ಉಳಿದವರು ಹೇಗೆ ಬದುಕಬೇಕು ಎಂಬುದಕ್ಕೆ ಅದು ಉತ್ತರ ಹುಡುಕುತ್ತದೆ.

ಈ ವ್ಯತ್ಯಾಸ ಕೇವಲ ಪಾಂಡಿತ್ಯದ ಸಂಗತಿಯಲ್ಲ. ಸ್ನಾತಕೋತ್ತರ ತರಗತಿಗಳಲ್ಲಿ ಆತಕೂರು ಶಾಸನವನ್ನು ಬೋಧಿಸುವಾಗ ತಕ್ಕೋಲದ ವಿಜಯವನ್ನು ಇತಿಹಾಸವೆಂದೂ ನಾಯಿಯ ಪ್ರಸಂಗವನ್ನು ಸ್ವಾರಸ್ಯವೆಂದೂ ವಿಭಜಿಸುವುದು ಸುಲಭ. ಹಾಗೆ ವಿಭಜಿಸಿದಾಗ ಉಳಿಯುವುದು ಗೆಲುವು ಮಾತ್ರ; ಗೆಲುವು ಮಾತ್ರ ಉಳಿದಾಗ ಅದಕ್ಕೊಂದು ದೈವವನ್ನು ಅಂಟಿಸಿ ಇಂದಿನ ದ್ವೇಷಗಳಿಗೆ ಬಳಸುವುದೂ ಸುಲಭ. ಕಲ್ಲನ್ನು ಪೂರ್ತಿಯಾಗಿ ಓದುವುದು, ಗೆದ್ದವರ ಶಾಸನದ ಪಕ್ಕದಲ್ಲಿ ಸೋತವರ ಶಾಸನವನ್ನಿಟ್ಟು ಓದುವುದು, ಕನ್ನಡ ಶಾಸನಗಳೊಡನೆ ತಮಿಳುನಾಡಿನ ಸಮಕಾಲೀನ ಶಾಸನಗಳನ್ನೂ ಪಠ್ಯಕ್ಕೆ ತರುವುದು ನಮ್ಮ ಅಧ್ಯಯನ ವಿಭಾಗಗಳು ಕೈಗೊಳ್ಳಬಹುದಾದ ಕೆಲಸಗಳು. ಆಗ ತಕ್ಕೋಲದ ಕಾಳಗದಲ್ಲಿ ಬೂತುಗನಷ್ಟೇ ಅಲ್ಲ, ತಡವಾಗಿ ತಲುಪಿದ ದುಃಖವನ್ನು ಜೀವನವಿಡೀ ಹೊತ್ತ ಚತುರಾನನ ಪಂಡಿತನೂ ನಮ್ಮ ವಿದ್ಯಾರ್ಥಿಗಳಿಗೆ ಕಾಣಿಸಿಯಾನು.