ತಾಲ್ಲೂಕು ಆಸ್ಪತ್ರೆಗೂ ಬೇಕು ಮೈಲೋಮಾ ತರಬೇತಿ



ಅಸ್ಥಿಮಜ್ಜೆಯ ಕ್ಯಾನ್ಸರ್ ಮಲ್ಟಿಪಲ್ ಮೈಲೋಮಾಕ್ಕೆ ಬಂದಿರುವ ಇಮ್ಯುನೊಥೆರಪಿ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸಂಗತಿ ಎಂದು ನಮ್ಮ ಮಂಡ್ಯ ಜಿಲ್ಲೆ ಸುಮ್ಮನಿರುವಂತಿಲ್ಲ. ಇಂಜೆಕ್ಷನ್ ಅಲ್ಲಿ ಕೊಟ್ಟರೂ ರೋಗಿ ಬದುಕುವುದು ಮದ್ದೂರು, ಮಳವಳ್ಳಿಯ ಹಳ್ಳಿಗಳಲ್ಲಿ. ನಡುರಾತ್ರಿ ಜ್ವರ ಬಂದರೆ ಓಡುವುದು ತಾಲ್ಲೂಕು ಆಸ್ಪತ್ರೆಗೇ. ಇಂಥ ಔಷಧಗಳಲ್ಲೊಂದಾದ ಟೆಕ್ಲಿಸ್ಟಮಾಬ್‌ನ ಪ್ರಮುಖ ಅಧ್ಯಯನದಲ್ಲಿ ಸುಮಾರು ಶೇ 72ರಷ್ಟು ರೋಗಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಕೆರಳಿ ಜ್ವರದಂಥ ತೊಂದರೆ ಕಾಣಿಸಿತು. ಬಹುಪಾಲು ಸೌಮ್ಯವೇ, ಆದರೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಬಹುದಾದ ಜ್ವರವಲ್ಲ ಅದು. ಇನ್ನೊಂದು ಔಷಧ ಡಾರಾಟುಮುಮಾಬ್‌ನ ತೊಡಕು ಬೇರೆಯೇ: ಕೆಂಪು ರಕ್ತಕಣಗಳಿಗೂ ಅಂಟಿಕೊಂಡು ರಕ್ತದ ಹೊಂದಾಣಿಕೆ ಪರೀಕ್ಷೆಯನ್ನು ಗೊಂದಲಗೊಳಿಸುತ್ತದೆ, ಕೊನೆಯ ಡೋಸ್ ಆದ ಮೇಲೆ ಆರು ತಿಂಗಳವರೆಗೂ. ಆದ್ದರಿಂದ ಕ್ಯಾನ್ಸರ್ ವೈದ್ಯರಿಗೆ ಮಾತ್ರ ಕಲಿಸಿದರೆ ಸಾಲದು. ಮಂಡ್ಯದ ರಕ್ತನಿಧಿಯ ತಂತ್ರಜ್ಞರಿಗೂ ರಾತ್ರಿ ಪಾಳಿಯ ನರ್ಸ್‌ಗಳಿಗೂ ಇದು ತಿಳಿದಿರಬೇಕು.

ಇಷ್ಟು ದುಬಾರಿ ಔಷಧ ಇಲ್ಲಿ ಎಷ್ಟು ಜನರಿಗೆ ಸಿಕ್ಕೀತು ಎಂಬ ಆಕ್ಷೇಪ ನ್ಯಾಯವಾದದ್ದೇ. ಬೆಲೆ ಇಳಿಯಲೇಬೇಕು. ಆದರೆ ತರಬೇತಿಯ ಫಲ ಆ ಕೆಲವರಿಗಷ್ಟೇ ಸೀಮಿತವಲ್ಲ: ಬಿಡದ ಬೆನ್ನುನೋವು, ರಕ್ತಹೀನತೆ, ಮೂತ್ರಪಿಂಡದ ತೊಂದರೆ ಒಟ್ಟಿಗೆ ಕಂಡಾಗ ಮೈಲೋಮಾವನ್ನು ಶಂಕಿಸುವ ವೈದ್ಯರು ಎಲ್ಲ ರೋಗಿಗಳಿಗೂ ಬೇಕು. ಕೆಲಸದ ಹೊರೆಯಲ್ಲಿ ಸಿಬ್ಬಂದಿಗೆ ಬಿಡುವೆಲ್ಲಿ ಎನ್ನುವವರೂ ಇದ್ದಾರೆ. ಯಾರೂ ಮಳವಳ್ಳಿಯಲ್ಲಿ ಮೊದಲ ಡೋಸ್ ಕೊಡಿ ಎನ್ನುತ್ತಿಲ್ಲ. ಅಪಾಯದ ಚಿಹ್ನೆ ಗುರುತಿಸಿ, ಚಿಕಿತ್ಸೆ ಕೊಟ್ಟ ತಂಡಕ್ಕೆ ತಕ್ಷಣ ಫೋನ್ ಮಾಡುವಷ್ಟು ಕಲಿತರೆ ಸಾಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ-ಕೇರ್ ಕ್ಯಾನ್ಸರ್ ಕೇಂದ್ರಗಳನ್ನು ತೆರೆಯುವುದಾಗಿ ಕೇಂದ್ರದ 2025–26ರ ಬಜೆಟ್ ಹೇಳಿದೆ. ಆ ಕೇಂದ್ರಗಳಿಗೆ ಹಾಸಿಗೆ ಬರುವ ಮೊದಲೇ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮತ್ತು ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಸೇರಿ ಈ ತರಬೇತಿ ಆರಂಭಿಸಲಿ.

–ಓದುಗ, ಮದ್ದೂರು