ಒಂದು ಯಂತ್ರ, ಒಬ್ಬನೇ ಆಳು

ಅಂಗಿಯ ಮೇಲೆ ಚಿತ್ರ ಒತ್ತುವ ಸ್ವಯಂಚಾಲಿತ ಯಂತ್ರವನ್ನು ನಮ್ಮ ಗಿರಣಿ ಬಂಧುಗಳಲ್ಲಿ ಬಹಳ ಮಂದಿ ನೋಡಿರಲಿಕ್ಕಿಲ್ಲ. ಆದರೆ ಅದು ಒತ್ತಿದ ಅಂಗಿ ಇಲ್ಲದ ಮನೆ ಇಂದು ಅಪರೂಪ. ಕಬಡ್ಡಿ ಪಂದ್ಯಾಟದ ಬನಿಯನ್ನು, ರಾಜ್ಯೋತ್ಸವದ ಹಳದಿ-ಕೆಂಪು ಅಂಗಿ, ಚುನಾವಣೆ ಬಂದಾಗ ಪುಕ್ಕಟೆ ಹಂಚುವ ಅಂಗಿ, ಎಲ್ಲವೂ ಹೀಗೆಯೇ ತಯಾರಾಗುತ್ತವೆ. ಈಗ ಈ ಯಂತ್ರದ ಮುಂದೆ ಒಬ್ಬನನ್ನೇ ನಿಲ್ಲಿಸಿ ದುಡಿಸುವ ಪದ್ಧತಿ ಬೆಳೆಯುತ್ತಿದೆ. ಯಂತ್ರ ಮಾರುವವರು ಇದನ್ನೇ ಅದರ ಹಿರಿಮೆಯೆಂದು ಸಾರುತ್ತಾರೆ. ಒಬ್ಬ ಆಳು ಸಾಕಂತೆ! ಯಾರಿಗೆ ಸಾಕು, ಯಾತಕ್ಕೆ ಸಾಕು ಎಂದು ಮಾತ್ರ ಯಾರೂ ಕೇಳುತ್ತಿಲ್ಲ.

ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ಮೂಲಕ ಬಣ್ಣ ಇಳಿಸುವ ಈ ವಿದ್ಯೆಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ 1907ರಲ್ಲಿ ಪೇಟೆಂಟು ಪಡೆದನು. ತಿರುಪ್ಪೂರಿನ ಹೆಣೆದ ಬಟ್ಟೆಯ ಕಾರಖಾನೆಗಳಲ್ಲಿ ಇದನ್ನು ಉದ್ದನೆಯ ಮೇಜಿನ ಮೇಲೆ ಕೈಯಿಂದಲೇ ಮಾಡುವ ಪದ್ಧತಿ ಇದೆ. ಮೇಜಿನ ಆಚೆಗೊಬ್ಬ, ಈಚೆಗೊಬ್ಬ. ಚೌಕಟ್ಟನ್ನು ಇಬ್ಬರೂ ಎತ್ತಿ ಮುಂದಿನ ತುಂಡಿನ ಮೇಲಿಡಬೇಕು, ಸ್ಕ್ವೀಜಿ ಎಂಬ ರಬ್ಬರು ಪಟ್ಟಿಯನ್ನು ಒಬ್ಬ ಎಳೆದು ಇನ್ನೊಬ್ಬನಿಗೆ ದಾಟಿಸಬೇಕು. ಸೊಂಟ ಮುರಿಯುವ ಕೆಲಸ, ನಿಜ. ಕಣ್ಣಿಗೆ ಬಣ್ಣದ ಘಾಟು. ಆದರೂ ಎದುರಿಗೆ ಒಂದು ಮುಖವಿತ್ತು. ಒಬ್ಬನ ಕೈ ಸೋತರೆ ಇನ್ನೊಬ್ಬನಿಗೆ ತಿಳಿಯುತ್ತಿತ್ತು.

ಅಮೆರಿಕದ ಮೈಕೆಲ್ ವಾಸಿಲಾಂಟೋನ್ ಎಂಬವನಿಗೆ 1969ರಲ್ಲಿ ಸುತ್ತುವ ಅಚ್ಚುಯಂತ್ರಕ್ಕೆ ಪೇಟೆಂಟು ಸಿಕ್ಕಿತು. ಜಾತ್ರೆಯ ತಿರುಗು ತೊಟ್ಟಿಲನ್ನು ನೆಲಕ್ಕೆ ಅಡ್ಡಲಾಗಿ ಮಲಗಿಸಿದಂತೆ ಅದರ ಆಕಾರ. ಸುತ್ತಲೂ ಹಲಗೆಗಳು, ಒಂದೊಂದು ಹಲಗೆಗೆ ಒಂದೊಂದು ಅಂಗಿ. ಮೇಲೆ ಬಣ್ಣಕ್ಕೊಂದರಂತೆ ಚೌಕಟ್ಟು. ಇಂದಿನ ಯಂತ್ರದಲ್ಲಿ ಹಲಗೆ ತಾನೇ ತಿರುಗುತ್ತದೆ, ರಬ್ಬರು ಪಟ್ಟಿ ತಾನೇ ಓಡುತ್ತದೆ. ಮನುಷ್ಯನಿಗೆ ಉಳಿದದ್ದು ಅಂಗಿ ತೊಡಿಸುವುದು, ತೆಗೆಯುವುದು, ಒಣಗಿಸುವ ಒಲೆಯ ಪಟ್ಟಿಗೆ ಹಾಕುವುದು. ಇದಕ್ಕೆ ವಾಡಿಕೆಯಂತೆ ಮೂವರು ಬೇಕು: ತೊಡಿಸುವವ, ತೆಗೆಯುವವ, ಒಲೆಯ ಆಚೆ ತುದಿಯಲ್ಲಿ ಹಿಡಿದು ಮಡಚುವವ. ಈ ಮೂವರ ಕೆಲಸವನ್ನು ಒಬ್ಬನ ಹೆಗಲಿಗೆ ಹೇರಿ ಅದಕ್ಕೆ ‘ಪ್ರಗತಿ’ ಎಂದು ಹೆಸರಿಡಲಾಗಿದೆ.

ಲೆಕ್ಕವನ್ನು ನಾವೇ ಹಾಕಿ ನೋಡೋಣ. ಯಂತ್ರವನ್ನು ಗಂಟೆಗೆ 240 ಅಂಗಿಯ ವೇಗಕ್ಕೆ ಇಟ್ಟಿದ್ದಾರೆನ್ನಿ. ದೊಡ್ಡ ಯಂತ್ರಗಳು ಇದಕ್ಕಿಂತ ಎಷ್ಟೋ ಜೋರಾಗಿ ಓಡಬಲ್ಲವು, ಇರಲಿ. ಅಂಗಿಯೊಂದಕ್ಕೆ ಸಿಗುವುದು 15 ಸೆಕೆಂಡು. ಅಷ್ಟರಲ್ಲಿ ಹಸಿ ಬಣ್ಣಕ್ಕೆ ಬೆರಳು ತಾಗದಂತೆ ಅಚ್ಚಾದ ಅಂಗಿಯನ್ನು ಎತ್ತಬೇಕು, ಹಿಂದಕ್ಕೆ ತಿರುಗಿ ಒಲೆಯ ಪಟ್ಟಿಯ ಮೇಲೆ ಹರಡಬೇಕು, ಹೊಸದನ್ನು ಹಲಗೆಗೆ ಎಳೆದು ಕೊರಳು ನೇರ ಮಾಡಿ ಸುಕ್ಕು ತೀಡಬೇಕು. 8 ಗಂಟೆಗೆ 1920 ಅಂಗಿ. ಅಂಗಿಯೊಂದು 150 ಗ್ರಾಂ ಎಂದರೆ 288 ಕಿಲೋ. ತೊಡಿಸುವಾಗ ಒಮ್ಮೆ, ತೆಗೆಯುವಾಗ ಒಮ್ಮೆ ಎತ್ತಿದರೆ 576 ಕಿಲೋ. ಐದೂಮುಕ್ಕಾಲು ಕ್ವಿಂಟಲ್ ಹೊರುವವನನ್ನು ನಮ್ಮ ಮಂಡಿಪೇಟೆಯಲ್ಲಿ ಹಮಾಲ ಎನ್ನುತ್ತಾರೆ. ಇಲ್ಲಿ ಆಪರೇಟರ್ ಎನ್ನುತ್ತಾರೆ.

ಭಾರದ ಮಾತು ಅಷ್ಟಿರಲಿ. ಅವನ ಬೆನ್ನ ಹಿಂದೆ ಏನಾಗುತ್ತದೆ? ಪ್ಲಾಸ್ಟಿಸಾಲ್ ಎಂಬ ಬಣ್ಣ ಗಟ್ಟಿಯಾಗಿ ಹಿಡಿಯಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಕಾವು ಸಾಲದಿದ್ದರೆ ಒಗೆದಾಗ ಚಿತ್ರ ಕಿತ್ತುಬರುತ್ತದೆ, ಒಲೆಯ ಪಟ್ಟಿ ಸಿಕ್ಕಿಕೊಂಡು ನಿಂತರೆ ಅಂಗಿ ಕರಕಲಾಗುತ್ತದೆ, ಬೆಂಕಿ ಹತ್ತಿದರೂ ಆಶ್ಚರ್ಯವಿಲ್ಲ. ಆ ತುದಿಯನ್ನು ನೋಡುವವ ಯಾರು? ಚೌಕಟ್ಟಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಅಂಗಿಯಿಂದ ಅಂಗಿಗೆ ಅದೇ ಚುಕ್ಕೆ ಬೀಳುತ್ತ ಹೋಗುತ್ತದೆ. ಅವನು ಕಾಣುವ ಹೊತ್ತಿಗೆ ಇಪ್ಪತ್ತೋ ಮೂವತ್ತೋ ಹಾಳು. ಆ ಹಾಳಾದ ಅಂಗಿಯ ಬೆಲೆ ಯಾರ ಪಗಾರದಿಂದ ಮುರಿಯುತ್ತದೆಂಬುದನ್ನು ಬಟ್ಟೆಯ ಗಂಟು ತಪ್ಪಿದ್ದಕ್ಕೆ ದಂಡ ತೆತ್ತ ನೇಕಾರ ಬಂಧುಗಳಿಗೆ ವಿವರಿಸಬೇಕಿಲ್ಲ.

ಇನ್ನು ಜೀವದ ಪ್ರಶ್ನೆ. ಚೌಕಟ್ಟಿನ ತಳಕ್ಕೆ ಅಂಟಿದ ಬಣ್ಣ ಒರೆಸಲು, ಜಾರಿದ ಅಂಗಿ ಸರಿಪಡಿಸಲು ಆಳು ಒಳಕ್ಕೆ ಬಾಗಲೇಬೇಕು. ಯಂತ್ರ ನಿಲ್ಲಿಸಿ ಬಾಗಬೇಕೆಂಬುದು ನಿಯಮ. ನಿಲ್ಲಿಸುವ ಗುಂಡಿಯೂ ಇದೆ, ಕಾವಲು ಸರಳೂ ಇದೆ. ಆದರೆ ಎಣಿಕೆ ಒಪ್ಪಿಸಬೇಕಾದವನು ಎಷ್ಟು ಸಲ ನಿಲ್ಲಿಸಿಯಾನು? ತೋಳೋ ಅಂಗಿಯ ತುದಿಯೋ ಸಿಕ್ಕಿಕೊಂಡ ಗಳಿಗೆಯಲ್ಲಿ ಗುಂಡಿ ಅವನ ಕೈಗೆಟುಕದ ಕಡೆ ಇದ್ದರೆ, ಕೂಗಿಗೆ ಓಡಿಬರುವ ಇನ್ನೊಂದು ಜೀವ ಆ ಕೋಣೆಯಲ್ಲಿಲ್ಲ. ಕಂಪ್ರೆಸರಿನ ಸದ್ದಿನಲ್ಲಿ ಹೊರಗಿನವರಿಗೆ ಕೇಳಿಸುವುದೂ ಇಲ್ಲ.

ಕಾಯಿದೆ ಏನು ಹೇಳುತ್ತದೆ? ಇಲ್ಲಿಯೇ ದೊಡ್ಡ ಮೋಸವಿದೆ. ನಮ್ಮ ಕಾಯಿದೆ ತಲೆ ಎಣಿಸುತ್ತದೆ. 1948ರ ಕಾರಖಾನೆ ಕಾಯಿದೆಯ ಪ್ರಕಾರ ವಿದ್ಯುತ್ತಿನಿಂದ ನಡೆಯುವ ಕಡೆ 10 ಮಂದಿ ಇದ್ದರೆ ಅದು ಕಾರಖಾನೆಯಾಗುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸುರಕ್ಷತಾ ಸಂಹಿತೆ ಆ 10ನ್ನು 20 ಮಾಡಿತು. ರಾಜ್ಯ ವಿಮೆಗೆ 10 ಮಂದಿ ಬೇಕು, ಭವಿಷ್ಯ ನಿಧಿಗೆ 20 ಮಂದಿ ಬೇಕು. ಮೇಜಿನ ಸುತ್ತ ಹನ್ನೆರಡು ಜನ ದುಡಿಯುತ್ತಿದ್ದ ಜಾಗದಲ್ಲಿ ಯಂತ್ರ ತಂದು ಮೂವರನ್ನು ಉಳಿಸಿಕೊಂಡರೆ ಕೂಲಿಯಷ್ಟೇ ಉಳಿಯುತ್ತಿರಲಿಲ್ಲ, ಹಳೆಯ ಕಾಯಿದೆಯಲ್ಲಿ ಕಾರಖಾನೆಯೇ ಕಾಗದದಿಂದ ಮಾಯವಾಗುತ್ತಿತ್ತು. ಯಂತ್ರ ಹೆಚ್ಚು ಬಲವಾದಷ್ಟೂ ಅದರ ಮುಂದೆ ನಿಂತವನಿಗೆ ಕಾಯಿದೆ ಹೆಚ್ಚು ದೂರವಾಗುತ್ತದೆ. ತಮಾಷೆಯೆಂದರೆ, ಹಳೆಯ ಕಾಯಿದೆಯ 85ನೆಯ ಕಲಮಿನಲ್ಲಿ ಸಣ್ಣ ಜಾಗಗಳನ್ನೂ ಕಾರಖಾನೆಯೆಂದು ಸಾರುವ ಅಧಿಕಾರ ರಾಜ್ಯ ಸರಕಾರಕ್ಕಿತ್ತು. ಅಧಿಕಾರವಿದ್ದರೆ ಸಾಲದು, ಮನಸ್ಸೂ ಬೇಕಲ್ಲ.

ಎಣಿಕೆ ತಲೆಯದಾಗಬಾರದು, ಯಂತ್ರದ್ದಾಗಬೇಕು. ಸುತ್ತುವ ಯಂತ್ರ, ಕಾಯುವ ಒಲೆ ಇರುವ ಕಡೆ ಒಬ್ಬನಿದ್ದರೂ ಸರಿಯೆ, ಪರಿವೀಕ್ಷಕ ಬಾಗಿಲು ತಟ್ಟುವಂತಾಗಬೇಕು. ಯಂತ್ರ ಓಡುವಾಗ ಕಣ್ಣಳತೆಯಲ್ಲಿ ಎರಡನೆಯ ಆಳಿರಬೇಕೆಂಬುದು ನಿಯಮವಾಗಬೇಕು. ಇದು ಹೊಸ ಬೇಡಿಕೆಯೇನಲ್ಲ. 1928ರಲ್ಲಿ ಮುಂಬಯಿಯ ಗಿರಣಿ ಕೆಲಸಗಾರರು ಆರು ತಿಂಗಳು ಕೆಲಸ ನಿಲ್ಲಿಸಿದ್ದಕ್ಕೆ, ಎರಡು ಮಗ್ಗ ನೋಡುವವನ ಮೇಲೆ ಮೂರು ಹೊರಿಸಿದ್ದೂ ಒಂದು ಕಾರಣ. 1957ರ ಜುಲೈ ತಿಂಗಳ ಭಾರತ ಕಾರ್ಮಿಕ ಸಮ್ಮೇಳನದಲ್ಲಿ ಸರಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತು ಒಪ್ಪಿದ ಮಾತಿದೆ: ಹೊಸ ಯಂತ್ರ ಬಂದರೆ ಇದ್ದವರನ್ನು ಕೆಲಸದಿಂದ ತೆಗೆಯಕೂಡದು, ಲಾಭ ಹಂಚಿಕೆಯಾಗಬೇಕು, ಕೆಲಸದ ಹೊರೆಯನ್ನು ಇಬ್ಬರಿಗೂ ಒಪ್ಪಿಗೆಯಾದ ತಜ್ಞ ಅಳೆಯಬೇಕು. ದೊಡ್ಡ ಗಿರಣಿಯಲ್ಲೇ ಅದನ್ನು ಪಾಲಿಸಿದವರು ಕಡಿಮೆ. ಅಂಗಿಯ ಅಚ್ಚಿನ ಶೆಡ್ಡಿಗೆ ಅದು ತಲುಪಲೇ ಇಲ್ಲ.

ಸಣ್ಣ ವ್ಯಾಪಾರಿ ಗೆಳೆಯರು ಇಲ್ಲಿ ಮುಖ ಸಿಂಡರಿಸಬಾರದು. ಈ ಮಾತು ಅವರ ವಿರುದ್ಧವಲ್ಲ. ಜಿಲ್ಲಾ ಪಟ್ಟಣದ ಎಷ್ಟೋ ಅಂಗಡಿಗಳಲ್ಲಿ ಆ ಒಬ್ಬನೇ ಆಳು ಮಾಲೀಕನೇ. ಬ್ಯಾಂಕಿನ ಸಾಲದ ಯಂತ್ರ, ತಿಂಗಳ ಕಂತು, ನಾಳೆ ಬೆಳಗಿಗೆ ಒಪ್ಪಿಸಬೇಕಾದ 500 ಅಂಗಿ. ಹೆಂಡತಿ ಮಕ್ಕಳು ಮಲಗಿದ ಮೇಲೂ ಅವನು ಯಂತ್ರದ ಮುಂದೆ. ಧಣಿಯೆಂದು ಕರೆದರೂ ಅವನ ತೋಳೂ ತೋಳೇ. ಸಾಲ ಕೊಡುವ ಬ್ಯಾಂಕು ಯಂತ್ರಕ್ಕೆ ವಿಮೆ ಕೇಳುತ್ತದೆ, ಅದನ್ನು ನಡೆಸುವವನ ಸಂಗಡ ಯಾರಿದ್ದಾರೆಂದು ಕೇಳುವುದಿಲ್ಲ. ಅಂಗಿಗೆ ಇಷ್ಟು ಕಡಿಮೆ ದರ ಹೇಳಿ ಒಬ್ಬರನ್ನೊಬ್ಬರು ಕೆಳಗಿಳಿಸುವ ಪೈಪೋಟಿಯಲ್ಲಿ ಮೊದಲು ಬೀಳುವ ಬೆಲೆ ಎರಡನೆಯ ಆಳಿನ ಕೂಲಿ.

ಆ ಕೂಲಿ ಎಷ್ಟಾದೀತು? ದಿನಕ್ಕೆ 600 ರೂಪಾಯಿ ಎಂದು ಹಿಡಿದು 1920 ಅಂಗಿಗೆ ಹಂಚಿದರೆ ಅಂಗಿಯೊಂದಕ್ಕೆ 31 ಪೈಸೆ ಚಿಲ್ಲರೆ. ಕೆಲಸ ಅರ್ಧದಿನದ್ದೇ ಇದ್ದರೂ 62 ಪೈಸೆ ಮಾತ್ರ. ರಾಜ್ಯೋತ್ಸವದ ಅಂಗಿಗೆ ಚಂದಾ ಎತ್ತುವ ಸಂಘಗಳು, ಪ್ರಚಾರಕ್ಕೆ ಸಾವಿರಗಟ್ಟಲೆ ಅಂಗಿ ಹೇಳುವ ಪಕ್ಷಗಳು, ಕ್ರೀಡಾ ಮಂಡಳಿಗಳು ದರ ಕೇಳುವಾಗಲೇ ಯಂತ್ರದ ಹತ್ತಿರ ಎಷ್ಟು ಮಂದಿ ಇದ್ದಾರೆಂದೂ ಕೇಳಲಿ. ಪಟ್ಟಣದ ಅಚ್ಚಿನ ಅಂಗಡಿಯವರೆಲ್ಲ ಒಂದು ಸಂಜೆ ಕೂತು ಈ ಎಂಟಾಣೆಯನ್ನು ತಮ್ಮ ದರಪಟ್ಟಿಯಲ್ಲಿ ಒಟ್ಟಿಗೆ ಬರೆದುಕೊಳ್ಳಲಿ.